ಗ್ಯಾಸ್ ಅಲಾರಂ: ಪ್ಲಗ್‌ಗೆ ಸಿಕ್ಕಿಸುವುದೋ, ಚಾವಣಿಗೆ ಹತ್ತಿರ ಕೂರಿಸುವುದೋ?

ಮುಂಬೈನ ಮುಲುಂಡ್‌ನಲ್ಲಿರುವ ನಮ್ಮ ಮನೆಯಲ್ಲಿ ಸಿಲಿಂಡರ್ ಹೋಗಿ ಮಹಾನಗರ್ ಗ್ಯಾಸ್ ಕಂಪನಿಯ ಪೈಪ್ ಬಂದ ಮೇಲೆ, ಸೋರಿಕೆಯನ್ನು ತಿಳಿಸುವ ಎರಡು ಅಲಾರಂಗಳನ್ನು ಒಂದೇ ಅಡುಗೆಮನೆಯಲ್ಲಿ ಒಂದು ವರ್ಷ ಬಳಸಿ ನೋಡಿದೆ. ಸೋರಿಕೆ ತಿಳಿಯಲೆಂದು ಗ್ಯಾಸಿಗೆ ಬೆರೆಸುವ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ ವಾಸನೆಯೇ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಆದರೆ ವಯಸ್ಸಾದ ನಮ್ಮ ಅತ್ತೆಯವರಿಗೆ ವಾಸನೆ ಸರಿಯಾಗಿ ತಿಳಿಯುವುದಿಲ್ಲ, ಹಗಲೆಲ್ಲ ಮನೆಯಲ್ಲಿರುವವರು ಅವರೊಬ್ಬರೇ.

ಮೊದಲನೆಯದು ಸಿಲಿಂಡರ್ ಇದ್ದಾಗ ಕೊಂಡ, ನೇರವಾಗಿ ಪ್ಲಗ್‌ಗೆ ಸಿಕ್ಕಿಸುವ ಅಲಾರಂ. ಅಡುಗೆಕಟ್ಟೆಯ ಪಕ್ಕ, ನೆಲದಿಂದ ಒಂದು ಅಡಿ ಎತ್ತರದಲ್ಲಿದ್ದ ಪ್ಲಗ್‌ನಲ್ಲಿ ಅದು ಆಗ ಸರಿಯಾದ ಸ್ಥಳದಲ್ಲೇ ಇತ್ತು. ಏಕೆಂದರೆ ಸಿಲಿಂಡರ್ ಗ್ಯಾಸಿನಲ್ಲಿರುವ ಪ್ರೊಪೇನ್ ಗಾಳಿಗಿಂತ ಸುಮಾರು 1.5 ಪಟ್ಟು, ಬ್ಯೂಟೇನ್ ಸುಮಾರು 2 ಪಟ್ಟು ಭಾರವಾಗಿದ್ದು, ಸೋರಿದರೆ ನೆಲದ ಮೇಲೆ ಹರಡುತ್ತವೆ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್. ಅದರ ತೂಕ ಗಾಳಿಯ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ, ಆದ್ದರಿಂದ ಅದು ಮೇಲಕ್ಕೇರುತ್ತದೆ. ಎರಡನೆಯ ಅಲಾರಂ ಅನ್ನು ಎಲೆಕ್ಟ್ರಿಷಿಯನ್‌ನಿಂದ ತಂತಿ ಎಳೆಸಿ, ಚಾವಣಿಗಿಂತ ಒಂದು ಗೇಣು ಕೆಳಗೆ ಕೂರಿಸಿದ್ದು ಇದೇ ಕಾರಣಕ್ಕೆ.

ವ್ಯತ್ಯಾಸ ತಿಳಿದದ್ದು ಒಂದು ಮಧ್ಯಾಹ್ನ. ಹಾಲು ಉಕ್ಕಿ ಉರಿ ಆರಿತ್ತು, ಅತ್ತೆಯವರು ಹೊರಗಿನ ಕೋಣೆಯಲ್ಲಿದ್ದರು. ಕೆಲವು ನಿಮಿಷಗಳಲ್ಲಿ ಮೇಲಿನ ಅಲಾರಂ ಕೂಗಿತು, ಕೆಳಗಿನದು ಕೊನೆಯವರೆಗೂ ಸುಮ್ಮನಿತ್ತು. ಅವರು ಯಾವ ಸ್ವಿಚ್ಚನ್ನೂ ಮುಟ್ಟದೆ, ಒಲೆಯ ಕಿವಿಯನ್ನೂ ಪೈಪಿನ ವಾಲ್ವನ್ನೂ ತಿರುಗಿಸಿ, ಕಿಟಕಿ ತೆರೆದರು. ಆ ದಿನವನ್ನು ನೆನೆದರೆ ಈಗಲೂ ನನ್ನ ಎದೆ ನಡುಗುತ್ತದೆ.

ಬಳಿಕ ಹಳೆಯದನ್ನು ಮಿಕ್ಸರ್‌ನ ಪ್ಲಗ್‌ಗೆ, ಅಂದರೆ ಸುಮಾರು ನಾಲ್ಕು ಅಡಿ ಎತ್ತರಕ್ಕೆ ಬದಲಿಸಿ ನೋಡಿದೆ. ಚಟ್ನಿ ರುಬ್ಬುವಾಗಲೆಲ್ಲ ಅದನ್ನು ಕಿತ್ತಿಡಬೇಕಾಗುತ್ತಿತ್ತು, ಮತ್ತೆ ಸಿಕ್ಕಿಸಲು ಮರೆಯುತ್ತಿದ್ದೆವು. ಜಿರಲೆ ಸ್ಪ್ರೇ ಹೊಡೆದರೂ ಅದು ಕೂಗುತ್ತಿತ್ತು. ಲೈಟರ್‌ನ ಗ್ಯಾಸನ್ನು ಹತ್ತಿರ ಹಿಡಿದು ಪರೀಕ್ಷಿಸಿದರೆ ಎರಡೂ ತಕ್ಷಣ ಕೂಗುತ್ತವೆ, ಆದರೆ ಆ ಪರೀಕ್ಷೆಯಿಂದ ಸೆನ್ಸರ್ ಕೆಲಸ ಮಾಡುತ್ತಿದೆ ಎಂದಷ್ಟೇ ತಿಳಿಯುತ್ತದೆ, ಅದು ಇರುವ ಸ್ಥಳ ಸರಿಯೇ ಎಂಬುದು ತಿಳಿಯುವುದಿಲ್ಲ. ಪಕ್ಕದ ಮನೆಯವರು ಕೊಟ್ಟ ಬ್ಯಾಟರಿಯ ಅಲಾರಂ ಕೆಲವೇ ವಾರಗಳಲ್ಲಿ ನಿಂತಿತು. ಅದರೊಳಗಿನ ಸೆನ್ಸರನ್ನು ಸದಾ ಬಿಸಿಯಾಗಿ ಇಡಬೇಕಾದ್ದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ತಂತಿಯ ಅಲಾರಂಗೆ ಖರ್ಚು ಹೆಚ್ಚು, ಗೋಡೆ ಕೊರೆಯಲೂ ಬೇಕು. ಆದರೂ ಪೈಪ್ ಗ್ಯಾಸ್ ಇರುವ ಮನೆಗೆ ನಾನು ಇದನ್ನೇ ಆರಿಸುತ್ತೇನೆ; ಇನ್ವರ್ಟರ್‌ನ ಲೈನಿಗೆ ಸೇರಿಸಿದ್ದರಿಂದ ಕರೆಂಟ್ ಹೋದಾಗಲೂ ಅದು ಎಚ್ಚರವಾಗಿರುತ್ತದೆ. ಸಾಂಗ್ಲಿಯ ನಾದಿನಿಯ ಮನೆಯಲ್ಲಿ ಇನ್ನೂ ಸಿಲಿಂಡರ್ ಇದೆ. ಪ್ಲಗ್‌ನ ಅಲಾರಂ ಅನ್ನು ಅವಳಿಗೆ ಕೊಟ್ಟೆ, ಅವಳ ಅಡುಗೆಮನೆಯಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಬೇರಾವುದಕ್ಕೂ ಬಳಸದ ಪ್ಲಗ್ ಇದೆಯೆಂದು ಕೇಳಿ ತಿಳಿದ ಮೇಲೆಯೇ.