ಮಡಗಾಂವಿನಿಂದ ಕುಮಟಾಕ್ಕೆ ಬಂದ ಫ್ರೆಟ್‌ಲೆಸ್ ಬೇಸ್

ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಬೆಲೆಯ ಫ್ರೆಟ್‌ಲೆಸ್, ಅಂದರೆ ಮೆಟ್ಟಿಲಿಲ್ಲದ, ಬೇಸ್ ಗಿಟಾರ್ ಹುಡುಕುವವರು ಕೈಯಲ್ಲಿರುವ ದುಡ್ಡನ್ನೆಲ್ಲ ವಾದ್ಯಕ್ಕೇ ಹಾಕಬೇಡಿ. ನಾಲ್ಕೈದು ಸಾವಿರ ತಂತಿಗೆ, ಸೆಟಪ್‌ಗೆ ಅಂತ ಬೇರೆ ತೆಗೆದಿಡಿ. ನನ್ನ ಬೇಸ್ ಮನೆಗೆ ಬಂದ ದಿನ ಹೇಗಿತ್ತು, ಮೂರು ವಾರ ಕಳೆದ ಮೇಲೆ ಹೇಗಾಯಿತು ಅಂತ ಕಿವಿಯಾರೆ ಕೇಳಿದ್ದೇನೆ. ಎರಡೂ ಒಂದೇ ವಾದ್ಯ ಅಂದರೆ ನಂಬುವುದು ಕಷ್ಟ.

ನಾನು ಕುಮಟಾದಲ್ಲಿ ಶಾಲೆಯ ಅಕ್ಕೋರು. ಸಂಜೆ ನಮ್ಮ ಭಾವಗೀತೆ ತಂಡದಲ್ಲಿ ಬೇಸ್ ನುಡಿಸುತ್ತೇನೆ. ಆರು ವರ್ಷ ನುಡಿಸಿದ್ದು ಫ್ರೆಟ್ ಇರುವ ಸಾದಾ ಬೇಸ್. ವೀಣೆಗೆ ಮೆಟ್ಟಿಲು ಇದ್ದ ಹಾಗೆ ಗಿಟಾರಿಗೆ ಫ್ರೆಟ್. ಬೆರಳು ಎರಡು ಫ್ರೆಟ್ ನಡುವೆ ಎಲ್ಲಿ ಬಿದ್ದರೂ ಸ್ವರ ಸರಿಯಾಗಿ ಬರುತ್ತದೆ. ಫೆಂಡರ್ ಕಂಪನಿ 1951ರಲ್ಲಿ ತಂದ ಎಲೆಕ್ಟ್ರಿಕ್ ಬೇಸಿಗೆ 'ಪ್ರಿಸಿಷನ್' ಅಂತ ಹೆಸರಿಟ್ಟಿದ್ದೇ ಈ ಕಾರಣಕ್ಕೆ. ಆದರೆ ನಮ್ಮಲ್ಲಿ ಹಾಡುವವರು ನನ್ನ ಸೋದರಮಾವ. ಹಿಂದೂಸ್ತಾನಿ ಕಲಿತವರು. ಅವರು ಗಾಂಧಾರದಿಂದ ರಿಷಭಕ್ಕೆ ಮೀಂಡ್‌ನಲ್ಲಿ ಜಾರಿ ಇಳಿಯುವಾಗ ನನ್ನ ಬೇಸ್ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. 'ಕೂಸೇ, ನಿನ್ನ ಸ್ವರ ನಡೀತು, ಜಾರ್ತಿಲ್ಲೆ' ಅಂದರು ಒಂದು ದಿನ. ಅವತ್ತೇ ಫ್ರೆಟ್‌ಲೆಸ್ ತಗೊಳ್ಳಬೇಕು ಅಂತ ನಿಶ್ಚಯ ಮಾಡಿದೆ.

ಮೊದಲು ಆನ್‌ಲೈನ್‌ನಲ್ಲಿ ಹೊಸದೊಂದನ್ನು ತರಿಸಿದ್ದೆ. ಕಂಪನಿಯ ಹೆಸರು ಬೇಡ. ಬೇಸಿನ ಕುತ್ತಿಗೆ ಒಂದು ಬದಿಗೆ ತಿರುಚಿಕೊಂಡಿತ್ತು. ಬಾಗಿದ ಕುತ್ತಿಗೆಯನ್ನು ಅದರೊಳಗಿನ ಟ್ರಸ್ ರಾಡ್ ಅನ್ನುವ ಲೋಹದ ಸರಳಿನಿಂದ ನೇರ ಮಾಡಬಹುದು, ತಿರುಚಿದ್ದನ್ನು ಹಾಗೆ ಸರಿ ಮಾಡಲು ಆಗುವುದಿಲ್ಲ. ವಾಪಸ್ ಕಳಿಸಿದೆ, ಹಣ ಬರಲು ತಿಂಗಳು ಹಿಡಿಯಿತು. ಆಮೇಲೆ ಗೋವಾದಲ್ಲಿ ವಿಚಾರಿಸಿದೆ. ಅಲ್ಲಿ ಹೋಟೆಲು, ಮದುವೆ ಅಂತ ಬ್ಯಾಂಡ್‌ಗಳು ಜಾಸ್ತಿ, ಸೆಕೆಂಡ್ ಹ್ಯಾಂಡ್ ವಾದ್ಯವೂ ಸಿಗುತ್ತದೆ. ಮಡಗಾಂವಿನ ಹಿರಿಯ ವಾದಕರೊಬ್ಬರ ಹತ್ತಿರ ಸ್ಕ್ವಯರ್ ಕಂಪನಿಯ ವಿಂಟೇಜ್ ಮಾಡಿಫೈಡ್ ಜಾಝ್ ಬೇಸ್ ಫ್ರೆಟ್‌ಲೆಸ್ ಇದೆ ಅಂತ ಗೊತ್ತಾಯಿತು. ಸ್ಕ್ವಯರ್ ಅಂದರೆ ಫೆಂಡರ್‌ನವರದ್ದೇ ಕಡಿಮೆ ಬೆಲೆಯ ಸಾಲು. ಭಾನುವಾರ ರೈಲು ಹತ್ತಿದೆ.

ಅವರು 29,000 ಹೇಳಿದರು. 26,000ಕ್ಕೆ ಮುಗಿಯಿತು. ಕೊಡುವ ಮೊದಲು ಒಂದು ತಾಸು ಕೂತು ನೋಡಲು ಬಿಟ್ಟರು, ಅದು ಅವರ ದೊಡ್ಡ ಗುಣ. ಬಡಗಿಗಳು ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿದೆ. ಸ್ವಲ್ಪ ಬಾಗಿತ್ತು, ತಿರುಚಿರಲಿಲ್ಲ. ನಾಲ್ಕೂ ತಂತಿಯಲ್ಲಿ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಸ್ವರ ಹಿಡಿದೆ, ಎಲ್ಲೂ ನಾದ ಸಾಯಲಿಲ್ಲ. ಗುಂಡಿಗಳನ್ನು ತಿರುಗಿಸಿದರೆ ಕರಕರ ಇಲ್ಲ. ಹಳೆಯ ಬೇಸ್ ನೋಡುವಾಗ ಇಷ್ಟು ಮಾಡದೆ ದುಡ್ಡು ಕೊಡಬೇಡಿ.

ನಾನು ಈ ಮಾಡೆಲ್ಲೇ ಬೇಕು ಅಂದಿದ್ದಕ್ಕೆ ಕಾರಣ ಅದರ ಬೆರಳು ಹಲಗೆ. ಅದು ಮರದ್ದಲ್ಲ, ಎಬೊನಾಲ್ ಅನ್ನುವ ಕಪ್ಪು ಕೃತಕ ವಸ್ತು. ಫ್ರೆಟ್ ಇಲ್ಲದಾಗ ತಂತಿ ನೇರ ಹಲಗೆಯನ್ನೇ ಉಜ್ಜುತ್ತದೆ. ಸುರುಳಿ ಸುತ್ತಿದ ಒರಟು ತಂತಿ ಹಾಕಿದರೆ ರೋಸ್‌ವುಡ್ ಮರದಲ್ಲಿ ಗೀರು ಬೀಳುತ್ತಾ ಹೋಗುತ್ತದೆ. ಅಮೆರಿಕದ ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ತೆಗೆದ 1962ರ ಜಾಝ್ ಬೇಸ್ ನುಡಿಸಿದವರು. ಅವರು ಹಲಗೆಯ ರಕ್ಷಣೆಗೆ ದೋಣಿಗೆ ಹಚ್ಚುವ ಇಪಾಕ್ಸಿ ಬಳಿದಿದ್ದರಂತೆ. ನಮ್ಮ ಕರಾವಳಿಯವರಿಗೆ ಈ ಉಪಾಯ ಕೂಡಲೇ ಅರ್ಥವಾಗುತ್ತದೆ ಅಲ್ವಾ? ಎಬೊನಾಲ್‌ಗೆ ಅದೆಲ್ಲ ಬೇಡ. ಅದು ಗಟ್ಟಿ, ಮಳೆಗಾಲದ ಥಂಡಿಗೆ ಮರದ ಹಾಗೆ ಉಬ್ಬುವುದೂ ಇಲ್ಲ. ಫ್ರೆಟ್ ಇರಬೇಕಾದ ಜಾಗದಲ್ಲೆಲ್ಲ ಬಿಳಿ ಗೆರೆ ಇದೆ. ಮೊದಲ ಸಲ ಕಲಿಯುವವರು ಗೆರೆ ಇರುವುದನ್ನೇ ತಗೊಳ್ಳಿ.

ಮನೆಗೆ ತಂದು ನುಡಿಸಿದಾಗ ಮಾತ್ರ ಕೈ ಸೋತಿತು. ತಂತಿ ಎತ್ತರದಲ್ಲಿತ್ತು. ಒತ್ತಿದರೆ ಸ್ವರ ಏರುತ್ತಿತ್ತು. ಹಾಗಾಗಿ ಒಂದೊಂದಾಗಿ ಸರಿ ಮಾಡಲು ಕೂತೆ.

ಹೊಸ ತಂತಿ ಮೊದಲು. ಡಿಆಡ್ಡಾರಿಯೊ ಕ್ರೋಮ್ಸ್, ಮೇಲ್ಮೈ ಚಪ್ಪಟೆಯಾಗಿ ನುಣುಪಾಗಿರುವ ಫ್ಲಾಟ್‌ವೂಂಡ್, 45ರಿಂದ 100ರ ಗೇಜ್ (ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ನನಗೆ 3,900 ಬಿತ್ತು. ಬೆರಳು ಜಾರಿಸಿದರೆ ಕಿರ್ ಅನ್ನುವ ಸದ್ದೇ ಇಲ್ಲ. ಮೀಂಡ್ ಬೇಕಾದವರಿಗೆ ಇದೇ ಸರಿ.

ಮುಂದೆ ಕುತ್ತಿಗೆ. ತಂತಿಯನ್ನು ಮೊದಲ ಗೆರೆಯಲ್ಲೂ ಕೊನೆಯ ಗೆರೆಯಲ್ಲೂ ಒತ್ತಿ ಹಿಡಿಯಬೇಕು. ಆಗ ಅದು ಅಳತೆಪಟ್ಟಿಯ ಹಾಗೆ ನೇರ ನಿಲ್ಲುತ್ತದೆ. ಏಳನೇ ಗೆರೆಯ ಹತ್ತಿರ ತಂತಿಗೂ ಹಲಗೆಗೂ ಎಷ್ಟು ಸಂದು ಇದೆ ನೋಡಬೇಕು. ಅಳೆಯಲು ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್ ನೋಡುವ ಫೀಲರ್ ಗೇಜ್ ಕೇಳಿ ತಂದೆ. 0.6 ಮಿ.ಮೀ. ಇತ್ತು. ಟ್ರಸ್ ರಾಡ್‌ಗೆ ಎಲ್ ಕೀ ಹಾಕಿ ಬಲಕ್ಕೆ ಕಾಲು ಸುತ್ತು ತಿರುಗಿಸಿದೆ, ಮರುದಿನದವರೆಗೆ ಬಿಟ್ಟೆ. ಮತ್ತೆ ಕಾಲು ಸುತ್ತು. ಮೂರನೇ ದಿನ 0.2ಕ್ಕೆ ಬಂತು. ಒಂದೇ ಸಲ ಜೋರಾಗಿ ತಿರುಗಿಸಬೇಡಿ. ರಾಡ್ ತುಂಡಾದರೆ ಕುತ್ತಿಗೆಯೇ ಹೋಯಿತು.

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡಿದ್ದು ನಟ್. ತಲೆಯ ಹತ್ತಿರ ತಂತಿಗಳು ಕೂರುವ ಸಣ್ಣ ಪಟ್ಟಿ ಅದು. ಹಿಂದಿನ ಮಾಲೀಕರು ಮೂಳೆಯದ್ದು ಕೂರಿಸಿದ್ದರು, ಆದರೆ ಕಚ್ಚುಗಳನ್ನು ಆಳ ಮಾಡಿರಲಿಲ್ಲ. ಫ್ರೆಟ್ ಇರುವ ಗಿಟಾರಿನಲ್ಲಿ ತಂತಿ ಮೊದಲ ಫ್ರೆಟ್ಟಿಗಿಂತ ಮೇಲಿರಬೇಕು. ಇಲ್ಲಿ ಫ್ರೆಟ್ಟೇ ಇಲ್ಲ, ಹಲಗೆಗೆ ತಾಗುವಷ್ಟು ಕೆಳಗೆ ಇಳಿಸಬಹುದು. ಈ ಕೆಲಸಕ್ಕೆ ಬೆಂಗಳೂರಿಗೆ ಯಾಕೆ ಹೋಗಬೇಕು? ಗಂಧದ ಕೆತ್ತನೆಯ ಗುಡಿಗಾರರು ನಮ್ಮ ಕೇರಿಯಲ್ಲೇ ಇದ್ದಾರೆ.

ಅವರು ನಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. 'ಅಕ್ಕೋರೆ, ಮೂಳೆಗೆ ಅವಸರ ಆಗುದಿಲ್ಲ. ತೆಗೆದದ್ದು ತಿರುಗಿ ಹಚ್ಚೂಕೆ ಬರುದಿಲ್ಲ' ಅಂದರು. ಸಪೂರ ಉರುಟು ಅರ ತಗೊಂಡರು. ಮೂರು ಸಲ ಉಜ್ಜುವುದು, ಪುಡಿ ಊದುವುದು, ತಂತಿ ಕೂರಿಸಿ ನನಗೆ ನುಡಿಸಲು ಹೇಳುವುದು. ಮತ್ತೆ ಮೂರು ಸಲ. ದಪ್ಪ ತಂತಿಗೆ ಎರಡೂವರೆ ಮಿ.ಮೀ. ಅಗಲದ ಕಚ್ಚು ಬೇಕು, ತಲೆಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಹಾಗಿದ್ದರೆ ತಂತಿ ನಟ್ಟಿನ ಮುಂದಿನ ಅಂಚಿನಿಂದಲೇ ಹೊರಡುತ್ತದೆ. ಅವರ ಹೆಬ್ಬೆರಳಿನ ಗೆರೆಗಳಲ್ಲಿ ಬಿಳಿ ಪುಡಿ ತುಂಬಿತ್ತು. ಗಂಧದ ಪರಿಮಳದ ಕೋಣೆಯಲ್ಲಿ ಮೂಳೆಯ ಸುಟ್ಟ ವಾಸನೆ. ಕೊನೆಗೆ ನೋಟ್‌ಬುಕ್ಕಿನ ಹಾಳೆಯೊಂದು ಮಾತ್ರ ತಂತಿಯ ಕೆಳಗೆ ನುಸುಳುವಷ್ಟು ಜಾಗ ಉಳಿಯಿತು. ಎರಡು ತಾಸಿನ ಕೆಲಸಕ್ಕೆ 300 ರೂಪಾಯಿ ತಗೊಂಡರು, ಅದೂ ನಾನು ಒತ್ತಾಯ ಮಾಡಿದ್ದಕ್ಕೆ.

ಉಳಿದಿದ್ದು ಬ್ರಿಜ್, ತಂತಿಗಳ ಇನ್ನೊಂದು ತುದಿ ಕೂರುವ ಜಾಗ. 12ನೇ ಗೆರೆಯಲ್ಲಿ ದಪ್ಪ ತಂತಿ 2 ಮಿ.ಮೀ., ಸಣ್ಣ ತಂತಿ ಒಂದೂವರೆ ಮಿ.ಮೀ. ಎತ್ತರಕ್ಕೆ ನಿಲ್ಲಿಸಿದೆ. ಆಮೇಲೆ ಅದೇ ಗೆರೆಯ ಮೇಲೆ ಬೆರಳನ್ನು ಹಗುರವಾಗಿ ತಾಗಿಸಿ ಬರುವ ಹಾರ್ಮೋನಿಕ್ ಸ್ವರ, ಒತ್ತಿ ಹಿಡಿದ ಸ್ವರ ಎರಡೂ ಒಂದೇ ಆಗುವವರೆಗೆ ಬ್ರಿಜ್ ಮೇಲೆ ತಂತಿ ಕೂರುವ ತುಂಡನ್ನು (ಸ್ಯಾಡಲ್) ಹಿಂದೆ ಮುಂದೆ ಸರಿಸಿದೆ. ಬೆರಳು ಗೆರೆಯ ಹಿಂದೆ ಅಲ್ಲ, ಸರಿಯಾಗಿ ಗೆರೆಯ ಮೇಲೆ ಇರಬೇಕು. ಸಾದಾ ಬೇಸಿನಿಂದ ಬಂದವರು ಇಲ್ಲೇ ತಪ್ಪುತ್ತಾರೆ.

ಇಷ್ಟಾದ ಮೇಲೆ ಹಿಂದಿನ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ತಾಗಿ ಹಿಡಿಯುವ ಭಾಗ) ಜಾಸ್ತಿ ಇಟ್ಟು ಒಂದು ಸ್ವರ ಹಿಡಿದೆ. ಮೀಟಿದ ಕೂಡಲೇ ಮೊಂಡು, ಆಮೇಲೆ ಬಾಯಿ ತೆರೆದ ಹಾಗೆ ಅರಳುತ್ತದೆ. ವಾದಕರು ಇದನ್ನು 'ಮ್ವಾ' ಅನ್ನುತ್ತಾರೆ. ಅಲುಗುವ ತಂತಿ ಹಲಗೆಯನ್ನು ಉದ್ದಕ್ಕೂ ಸವರುವುದರಿಂದ ಬರುವ ನಾದ ಅದು. ತಂತಿ ಎತ್ತರವಿದ್ದರೆ ಬರುವುದಿಲ್ಲ. ಮೂರು ವಾರ ಪಟ್ಟ ಕಷ್ಟ ಈ ಒಂದು ನಾದಕ್ಕೆ.

ಈಗ ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಮಾವ ಹಾಡುವುದು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ. ಬೇಸಿನ ನಾಲ್ಕು ಖಾಲಿ ತಂತಿಗಳು ಇ, ಎ, ಡಿ, ಜಿ. ಕಪ್ಪು ಒಂದನ್ನು ಷಡ್ಜ ಮಾಡಿಕೊಂಡರೆ ಅವು ಕೋಮಲ ಗಾಂಧಾರ, ಕೋಮಲ ಧೈವತ, ಕೋಮಲ ರಿಷಭ, ತೀವ್ರ ಮಧ್ಯಮ ಆಗುತ್ತವೆ. ನಾಲ್ಕೂ ತೋಡಿ ರಾಗದ ಸ್ವರಗಳು! ಆರು ವರ್ಷದಿಂದ ಕೈಯಲ್ಲಿದ್ದರೂ ಗಮನಿಸಿರಲಿಲ್ಲ. ಆದರೆ ತೋಡಿಯ ಗಾಂಧಾರ ಹಾರ್ಮೋನಿಯಂನ ಗಾಂಧಾರಕ್ಕಿಂತ ಸ್ವಲ್ಪ ಇಳಿದೇ ಇರುತ್ತದೆ. ಖಾಲಿ ತಂತಿಯನ್ನು ಇಳಿಸಲು ಬರುವುದಿಲ್ಲ. ಅದಕ್ಕೆ ಎ ತಂತಿಯ ಏಳನೇ ಗೆರೆಗೆ ಹೋಗಿ, ಬೆರಳನ್ನು ಕೂದಲೆಳೆಯಷ್ಟು ಹಿಂದೆ ಇಟ್ಟು ಹಿಡಿಯುತ್ತೇನೆ. ಸಾದಾ ಬೇಸಿನಲ್ಲಿ ಆ ಜಾಗವೇ ಇಲ್ಲ. ಮೊದಲ ಸಲ ಹಿಡಿದಾಗ ಮಾವ ಹಾಡು ನಿಲ್ಲಿಸಲಿಲ್ಲ, ಕಣ್ಣು ಮುಚ್ಚಿಕೊಂಡೇ ತಲೆದೂಗಿದರು.

ಕಷ್ಟಗಳೂ ಇವೆ. ಸಿಂಗಲ್ ಕಾಯಿಲ್ ಪಿಕಪ್, ಒಂದನ್ನೇ ಬಳಸಿದರೆ ಗುಂಯ್ ಅನ್ನುತ್ತದೆ. ಎರಡನ್ನೂ ಸಮ ಇಟ್ಟರೆ ಕಡಿಮೆ. ನಮ್ಮ ಹಳೆಯ ಮನೆಯಲ್ಲಿ ಅರ್ಥಿಂಗ್ ಸರಿ ಇರಲಿಲ್ಲ, ಅದನ್ನು ಮಾಡಿಸಿದ ಮೇಲೆ ಸದ್ದು ಅರ್ಧಕ್ಕೆ ಇಳಿಯಿತು. 34 ಇಂಚಿನ ಸ್ಕೇಲ್ (ನಟ್ಟಿನಿಂದ ಬ್ರಿಜ್‌ವರೆಗೆ ತಂತಿಯ ಉದ್ದ), ಚಿಕ್ಕ ಕೈಯವರಿಗೆ ಕೆಳಗಿನ ಸ್ವರಗಳು ದೂರ. ಹಲಗೆ ಉಬ್ಬದಿದ್ದರೂ ಕುತ್ತಿಗೆ ಮೇಪಲ್ ಮರದ್ದು, ಜುಲೈನಲ್ಲಿ ಸ್ವಲ್ಪ ಜರುಗಿತು. ಕಾಲು ಸುತ್ತಿನಲ್ಲಿ ಸರಿ ಹೋಯಿತು. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಹತ್ತಿ ಬಟ್ಟೆಯಲ್ಲಿ ಒರೆಸದೆ ಬ್ಯಾಗಿಗೆ ಹಾಕಬೇಡಿ. ಶ್ರುತಿ ಬಗ್ಗೆ ಕಿವಿ ಇನ್ನೂ ಕೂರದವರು ಒಂದು ವರ್ಷ ತಂಬೂರಿ ಹಾಕಿಕೊಂಡು ಸಾದಾ ಬೇಸಿನಲ್ಲೇ ಅಭ್ಯಾಸ ಮಾಡಿ, ಆಮೇಲೆ ಇದಕ್ಕೆ ಬನ್ನಿ.

ಅರ್ಥಿಂಗ್ ಬಿಟ್ಟು ಒಟ್ಟು ಖರ್ಚು 30,200 ರೂಪಾಯಿ. ರೈಲು ಚಾರ್ಜು ಬೇರೆ. ವೇದಿಕೆಯಲ್ಲಿ ಕತ್ತಲಿದ್ದರೆ ಗೆರೆ ಕಾಣುವುದಿಲ್ಲ ಅಂತ ಕುತ್ತಿಗೆಯ ಬದಿಯಲ್ಲಿ, ನಾಲ್ಕನೇ ಗೆರೆಗೂ ಆರನೇ ಗೆರೆಗೂ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಮಾವನ ಷಡ್ಜ, ಪಂಚಮ ಎಲ್ಲ ಅಲ್ಲೇ ಸಿಗುತ್ತವೆ. ಮುಂದಿನ ತಿಂಗಳು ಹೊನ್ನಾವರದಲ್ಲಿ ಕಾರ್ಯಕ್ರಮ ಇದೆ, ಈ ಬೇಸ್ ಹಿಡಿದು ನಾನು ವೇದಿಕೆ ಹತ್ತುವುದು ಅದೇ ಮೊದಲು.