ಚಳಿಗಾಲದ ಖಿನ್ನತೆ: ಲೈಟ್ ಬಾಕ್ಸ್, ಬೆಳಗಿನ ನಡಿಗೆ, ಸಿಬಿಟಿ – ಯಾವುದು ಎಷ್ಟು?

ಹಗಲು ಕುಗ್ಗುತ್ತಿದ್ದಂತೆ ಎಷ್ಟು ಮಲಗಿದರೂ ತೀರದ ನಿದ್ದೆ, ಸಿಹಿ ಮತ್ತು ಹಿಟ್ಟಿನ ತಿನಿಸಿನ ಮೇಲೆ ಚಪಲ, ಯಾರ ಮುಖವೂ ಬೇಡವೆನಿಸುವ ಮನಸ್ಸು. ವರ್ಷ ವರ್ಷವೂ ಅದೇ ಹೊತ್ತಿಗೆ ಬಂದು ವಸಂತಕ್ಕೆ ತಾನಾಗಿ ಇಳಿಯುತ್ತದೆಂದರೆ ಅದು ಸೋಮಾರಿತನವಲ್ಲ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರಿಸಿದ, ಚಳಿಗಾಲದ ಖಿನ್ನತೆ ಎಂಬ ಕಾಯಿಲೆ.

ಬೇಗ ಫಲ ಕೊಡುವುದರಲ್ಲಿ ಲೈಟ್ ಬಾಕ್ಸೇ, ಅಂದರೆ ಪ್ರಖರ ಬೆಳಕು ಚೆಲ್ಲುವ ಪೆಟ್ಟಿಗೆಯೇ ಮುಂದು. 10,000 ಲಕ್ಸ್‌ನ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಪೆಟ್ಟಿಗೆಯ ಮುಂದೆ ಎದ್ದ ಒಂದು ಗಂಟೆಯೊಳಗೆ 30 ನಿಮಿಷ ಕೂತರೆ ಹಲವರಿಗೆ ಒಂದೆರಡು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. 2,500 ಲಕ್ಸ್‌ನದಾದರೆ ಎರಡು ಗಂಟೆ ಬೇಕು, ಕೆಲಸಕ್ಕೆ ಹೊರಡುವವರಿಗೆ ಅದು ಆಗದ ಮಾತು. ಜನ ಎಡವುವುದು ಹೆಚ್ಚಾಗಿ ಪೆಟ್ಟಿಗೆಯಿಂದ ಎಷ್ಟು ದೂರ ಕೂರಬೇಕು ಎಂಬುದರಲ್ಲಿ. ಪೆಟ್ಟಿಗೆಯ ಮೇಲೆ ಬರೆದಿರುವ 10,000 ಒಂದು ನಿರ್ದಿಷ್ಟ ಅಂತರಕ್ಕೆ ಮಾತ್ರ ನಿಜ. ಸಣ್ಣ ಪೆಟ್ಟಿಗೆಗಳಲ್ಲಿ ಅದು 20–30 ಸೆಂಟಿಮೀಟರ್ ಇರಬಹುದು. ಕುರ್ಚಿ ಹಿಂದೆ ಜಾರಿ ಅಂತರ ಎರಡರಷ್ಟಾದರೆ ಕಣ್ಣಿಗೆ ಬೀಳುವ ಬೆಳಕು ಅರ್ಧಕ್ಕೂ ಕೆಳಗಿಳಿಯುತ್ತದೆ. ಟೇಪು ಹಿಡಿದು ಕಣ್ಣಿನಿಂದ ಅಳೆಯಿರಿ, ಕುರ್ಚಿಯ ಕಾಲಿನ ಜಾಗಕ್ಕೆ ನೆಲದಲ್ಲಿ ಗುರುತು ಹಾಕಿ. ಪೆಟ್ಟಿಗೆ ಕಣ್ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಂದು ಬದಿಗೆ ಇರಲಿ. ದಿಟ್ಟಿಸಿ ನೋಡಬೇಕಿಲ್ಲ, ತಿಂಡಿ ತಿನ್ನುತ್ತಲೋ ಓದುತ್ತಲೋ ಕೂತರೆ ಸಾಕು. ಅತಿನೇರಳೆ ಕಿರಣ ಸೋಸುವ ಪೆಟ್ಟಿಗೆಯನ್ನೇ ಆರಿಸಿ. ತಲೆನೋವು, ಕಣ್ಣುರಿ ಬಂದರೆ 10–15 ನಿಮಿಷಕ್ಕೆ ಇಳಿಸಿ ಮತ್ತೆ ಏರಿಸಿ. ಸಂಜೆ ಹಚ್ಚಿದರೆ ನಿದ್ದೆ ಕೆಡುತ್ತದೆ. ಬೈಪೋಲಾರ್ (ಖಿನ್ನತೆಯೂ ಅತಿಯಾದ ಉತ್ಸಾಹವೂ ಸರದಿಯಲ್ಲಿ ಬರುವ ಕಾಯಿಲೆ) ಇದ್ದವರಿಗೆ ಮನಸ್ಸು ಅತಿಯಾಗಿ ಏರುವ ಅಪಾಯವಿದೆ. ಅವರೂ, ಅಕ್ಷಿಪಟಲದ ಕಾಯಿಲೆ ಇರುವವರೂ, ಬೆಳಕಿಗೆ ಸೂಕ್ಷ್ಮತೆ ತರುವ ಔಷಧ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಬೆಳಗಿನ ನಡಿಗೆಯನ್ನು ಜನ ಹಗುರವಾಗಿ ಕಾಣುತ್ತಾರೆ, ಅದು ತಪ್ಪು. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಮೋಡ ಮುಸುಕಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಸಿಗುತ್ತದೆ, ಜೊತೆಗೆ ಮೈ ಕದಲುತ್ತದೆ. ಆದರೆ ಸೂರ್ಯ ತಡವಾಗಿ ಹುಟ್ಟುವ ಊರಲ್ಲಿ ಆರು ಗಂಟೆಯ ನಡಿಗೆ ಕತ್ತಲ ನಡಿಗೆಯೇ. ಅಂಥಲ್ಲಿ ಬೆಳಗ್ಗೆ ಪೆಟ್ಟಿಗೆ, ಮಧ್ಯಾಹ್ನದ ಬಿಡುವಿನಲ್ಲಿ ನಡಿಗೆ ಎಂದು ಹಂಚಿಕೊಳ್ಳುವುದೇ ನಮಗೆ ಸರಿ ಕಂಡದ್ದು.

ಏಳುವ ಮೊದಲೇ ಕೋಣೆಯನ್ನು 30ರಿಂದ 90 ನಿಮಿಷ ನಿಧಾನವಾಗಿ ಬೆಳಗಿಸುವ ಮುಂಜಾವಿನ ದೀಪ ಹಾಸಿಗೆ ಬಿಡಲಾಗದ ಸಂಕಟಕ್ಕೆ ಒಳ್ಳೆಯದು. ತಲೆಯ ಹಿಂದೆ ಇಟ್ಟರೆ ಪ್ರಯೋಜನವಿಲ್ಲ, ಬೆಳಕು ಮುಖಕ್ಕೆ ಬೀಳಬೇಕು. ಪೆಟ್ಟಿಗೆಯ ಜೊತೆಗೆ ಇಡಿ, ಬದಲಿಗಲ್ಲ. ವಿಟಮಿನ್ ಡಿ ಕೊರತೆ ಇದ್ದರೆ ತೆಗೆದುಕೊಳ್ಳಿ. ಅದೊಂದರಿಂದಲೇ ಖಿನ್ನತೆ ಇಳಿಯುತ್ತದೆಂಬುದಕ್ಕೆ ಆಧಾರ ಗಟ್ಟಿಯಿಲ್ಲ.

ಚಳಿಗಾಲಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಶುರುವಿನಲ್ಲಿ ಹೆಚ್ಚು ಶ್ರಮ ಕೇಳುತ್ತದೆ: ವಾರಕ್ಕೆ ಎರಡರಂತೆ ಆರು ವಾರ, ಒಂದೂವರೆ ಗಂಟೆಯ ಬೈಠಕ್‌ಗಳು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೆಲ್ಲಿ ರೋಹನ್ ಅವರ ತಂಡ 177 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಆ ಚಳಿಗಾಲಕ್ಕೆ ಬೆಳಕೂ ಸಿಬಿಟಿಯೂ ಸಮವಾಗಿದ್ದವು. ಎರಡು ಚಳಿಗಾಲ ಕಳೆದಾಗ ಕಾಯಿಲೆ ಮರುಕಳಿಸಿದ್ದು ಸಿಬಿಟಿ ಪಡೆದವರಲ್ಲಿ ಸುಮಾರು 27%, ಬೆಳಕು ಪಡೆದವರಲ್ಲಿ 46%. ಕಾರಣ ಇದಿರಬಹುದು: ಪೆಟ್ಟಿಗೆಯನ್ನು ಪ್ರತಿ ವರ್ಷ ಮತ್ತೆ ಹಚ್ಚಲೇಬೇಕು, ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕಲಿತ ಅಭ್ಯಾಸ ಕೈಯಲ್ಲೇ ಉಳಿಯುತ್ತದೆ. ಅದಕ್ಕೇ ಪ್ರತಿ ಚಳಿಗಾಲವೂ ಖಿನ್ನತೆಗೆ ಬೀಳುವವರು ಈ ವರ್ಷ ಬೆಳಕಿನಿಂದ ಚೇತರಿಸಿಕೊಂಡು, ಸಿಬಿಟಿಯನ್ನೂ ಮುಗಿಸಿಕೊಳ್ಳಲಿ ಎನ್ನುತ್ತೇವೆ.

ಖಿನ್ನತೆಯ ಮಾತ್ರೆಗಳಲ್ಲಿ ಬುಪ್ರೊಪಿಯಾನ್ ಎಕ್ಸ್‌ಎಲ್‌ಗೆ (ನಿಧಾನವಾಗಿ ಕರಗುವ ರೂಪ) ಅಮೆರಿಕದಲ್ಲಿ 2006ರಲ್ಲಿ ಈ ಕಾಯಿಲೆ ತಡೆಯಲು ಅನುಮತಿ ಸಿಕ್ಕಿತು. ಲಕ್ಷಣ ಕಾಣುವ ಮೊದಲೇ, ಶರತ್ಕಾಲದಲ್ಲಿ ಶುರುಮಾಡಿ ವಸಂತದವರೆಗೆ ಕೊಡುವ ಕ್ರಮ. ಫಿಟ್ಸ್ ಇರುವವರಿಗೆ ಸಲ್ಲದು. ಇನ್ನೊಂದು ಮಾತ್ರೆ ಫ್ಲುಯೊಕ್ಸೆಟೀನ್ ಬೆಳಕಿನಷ್ಟೇ ಕೆಲಸ ಮಾಡುತ್ತದೆ, ತುಸು ನಿಧಾನ. ಎರಡನ್ನೂ ವೈದ್ಯರೇ ಬರೆದುಕೊಡಬೇಕು. ಬದುಕು ಬೇಡವೆಂಬ ಯೋಚನೆ ಸುಳಿದರೆ ಪೆಟ್ಟಿಗೆಯ ಫಲಕ್ಕಾಗಿ ವಾರಗಟ್ಟಲೆ ಕಾಯಬೇಡಿ. ಅಂದೇ ಹತ್ತಿರದವರೊಬ್ಬರಿಗೆ ಹೇಳಿ, ಅವರ ಜೊತೆಯಲ್ಲೇ ವೈದ್ಯರ ಬಳಿ ಹೋಗಿ.