ಮೂರು ಮಳೆಗಾಲ ಕಂಡ ಕತ್ತಿನ ದಿಂಬು

ಈ ದಿಂಬು ತಗೊಂಡು ಮೂರು ಮಳೆಗಾಲ ಕಳೆಯಿತು. ಮೆಮೊರಿ ಫೋಮ್‌ನದು. ಒಂದು ಅಂಚು ಎತ್ತರ, ಇನ್ನೊಂದು ತಗ್ಗು, ನಡುವೆ ತಲೆ ಕೂರಲು ಹಳ್ಳ. ಆನ್‌ಲೈನ್‌ನಲ್ಲಿ 1,400 ರೂಪಾಯಿ ಕೊಟ್ಟಿದ್ದೆ. ಕತ್ತು ನೋವು, ಕೈ ಜೋಮು, ನರದ ಒತ್ತಡ ಎಲ್ಲ ಹೋಗುತ್ತದೆ ಎಂದು ಪೆಟ್ಟಿಗೆ ಮೇಲೆ ಬರೆದಿತ್ತು. ಮೊದಲನೆಯದು ಮುಕ್ಕಾಲು ಪಾಲು ನಿಜ. ಉಳಿದೆರಡನ್ನು ನಂಬಿ ನಾನು ಏಳು ತಿಂಗಳು ಹಾಳು ಮಾಡಿಕೊಂಡೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ತಂದೆವು. ಅಡಿಕೆ ಗೊನೆ ತೆಗೆಯುವುದು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಎಲ್ಲ ಈಗ ನೆಲದ ಮೇಲೆ ನಿಂತೇ. ಬೆಳಗ್ಗೆಯಿಂದ ಸಂಜೆವರೆಗೆ ಮುಖ ಆಕಾಶಕ್ಕೆ. ಕತ್ತು ಹಿಡಿಯದೆ ಇನ್ನೇನಾಗುತ್ತೆ, ಅಲ್ವಾ?

ದಿಂಬು ಬಂದ ಮೊದಲ ವಾರ ನಿದ್ದೆಯೇ ಇಲ್ಲ. ಬೂರುಗದ ಹತ್ತಿಗೆ ಒಗ್ಗಿದ ತಲೆ ನನ್ನದು. ತಿರುಗಿಸಿ ತಗ್ಗಿನ ಅಂಚು ಕತ್ತಿನ ಕೆಳಗೆ ಬರುವ ಹಾಗೆ ಇಟ್ಟುಕೊಂಡ ಮೇಲೆ ಸರಿಹೋಯಿತು. ಮಗ್ಗುಲಾಗಿ ಮಲಗುವವರಿಗೆ ಎತ್ತರದ ಅಂಚೇ ಬೇಕು. ಬೋರಲು ಮಲಗುವವರು ಕೊಳ್ಳಲೇಬೇಡಿ. ಹದಿನೈದು ದಿನಕ್ಕೆ ಬೆಳಗಿನ ಬಿಗಿತ ಹೋಯಿತು.

ಆದರೆ ಬಲಗೈ ಹೆಬ್ಬೆರಳು, ತೋರುಬೆರಳಿಗೆ ಜೋಮು ಶುರುವಾಯಿತು. ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವಾಗ ಅಡಿಕೆ ಬೆರಳಿಂದ ಜಾರುತ್ತಿತ್ತು. ದಿಂಬು ಒಗ್ಗಲಿ ಎಂದು ಸುಮ್ನೆ ಕಾದೆ. ಸೆಲೂನಿನಲ್ಲಿ ಕತ್ತಿನ ನೆಟಿಕೆ ತೆಗೆಸಿದೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹೆಗಲಿಂದ ಬೆರಳಿನವರೆಗೆ ಕರೆಂಟ್ ಹೊಡೆದ ಹಾಗೆ. ಎಕ್ಸ್‌ರೇ ತೆಗೆಸಿದರೆ 'ಮೂಳೆ ಸ್ವಲ್ಪ ಸವೆದಿದೆ' ಅಂದರು, ಅಷ್ಟೇ. ನರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದು ಆಗ ಯಾರೂ ಹೇಳಲಿಲ್ಲ.

ಒಂದು ವಿಚಿತ್ರ ಇತ್ತು. ಬಲಗೈ ಎತ್ತಿ ತಲೆ ಮೇಲೆ ಇಟ್ಟರೆ ನೋವು ಇಳಿಯುತ್ತಿತ್ತು. ಟೀವಿ ಮುಂದೆ ಹಾಗೇ ಕೂರುತ್ತಿದ್ದೆ. "ತಲೆ ಮೇಲೆ ಕೈ ಹೊತ್ಕೊಂಡು ಕೂರಬೇಡ ಮಾರಾಯ, ಮನೆಗೆ ಆಗಿಬರಲ್ಲ" ಎಂದು ಅಮ್ಮ ದಿನಾ ಬೈಯುತ್ತಿದ್ದರು. ಕೊನೆಗೆ ಶಿವಮೊಗ್ಗದ ಮೂಳೆ ಡಾಕ್ಟರ ಹತ್ತಿರ ಇದನ್ನು ನಗುತ್ತಾ ಹೇಳಿದೆ. ಅವರು ನಗಲಿಲ್ಲ. ಯಾವ ಬೆರಳು ಎಂದು ಕೇಳಿದರು. ತಲೆಯನ್ನು ಹಿಂದಕ್ಕೆ, ಬಲಕ್ಕೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿದರು. ಬಸ್ಸಿನ ಗುಂಡಿಯದೇ ಕರೆಂಟ್!

ಕತ್ತಿನಲ್ಲಿ ಮೂಳೆ 7, ನರ 8 ಜೊತೆ. ಹೆಬ್ಬೆರಳ ಕಡೆ ಜೋಮು ಎಂದರೆ ಹೆಚ್ಚಾಗಿ 6ನೇ ನರ, ನಡುಬೆರಳಾದರೆ 7, ಕಿರುಬೆರಳಾದರೆ 8. ಕೈ ತಲೆ ಮೇಲಿಟ್ಟಾಗ ನರದ ಎಳೆತ ಸಡಿಲವಾಗುತ್ತದಂತೆ. ಮಣಿಕಟ್ಟಿನಲ್ಲಿ ನರ ಒತ್ತಿದರೂ ಹೆಬ್ಬೆರಳು ಜೋಮು ಹಿಡಿಯುತ್ತದೆ, ಅದಕ್ಕೆ ನರದ ಪರೀಕ್ಷೆಯನ್ನೂ ಮಾಡಿಸಿದರು. ಎಂಆರ್‌ಐನಲ್ಲಿ 5 ಮತ್ತು 6ನೇ ಮೂಳೆ ನಡುವಿನ ಡಿಸ್ಕ್, ಅಂದರೆ ಮೆತ್ತೆಯಂಥ ಭಾಗ, ಉಬ್ಬಿರುವುದು ಕಂಡಿತು. ಆಪರೇಷನ್ ಬೇಡ, ಬಹಳ ಜನರಿಗೆ ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ಇಳಿಯುತ್ತದೆ ಅಂದರು. ಕೈಯ ಬಲ ಕುಗ್ಗಿದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಅದೇ ದಿನ ಓಡಿ ಬನ್ನಿ ಅಂದರು. ನೆಟಿಕೆಗೆ ಗಟ್ಟಿಯಾಗಿ ಬೈದರು. ಗಲ್ಲವನ್ನು ಹಿಂದಕ್ಕೆ ಎಳೆದು ಹಿಡಿಯುವ ವ್ಯಾಯಾಮವನ್ನು ಫಿಸಿಯೋ ಕಲಿಸಿದರು. ಮೂರು ತಿಂಗಳಿಗೆ ಜೋಮು ಬೆರಳ ತುದಿಗೆ ಇಳಿಯಿತು, ಆಮೇಲೆ ಹೋಯಿತು. ದೋಟಿ ಈಗ ಅರ್ಧ ಗಂಟೆ ಹಿಡಿದು ತಮ್ಮನ ಕೈಗೆ ಕೊಡುತ್ತೇನೆ.

ಇನ್ನು ದಿಂಬಿನ ವಿಷಯ. ಒಗೆಯಬಾರದು, ಬಿಸಿಲಿಗೂ ಇಡಬಾರದು ಎಂದು ಚೀಟಿಯಲ್ಲಿದೆ. ಆಷಾಢದಲ್ಲಿ ನಮ್ಮ ಕಡೆ ಬಿಸಿಲು ಎಲ್ಲಿಂದ ಬರಬೇಕು? ಮೊದಲ ಮಳೆಗಾಲದಲ್ಲಿ ಕವರ್ ಬಿಚ್ಚಿದರೆ ಒಳಗೆ ಹಸಿರು ಬೂಷ್ಟು. ಬಚ್ಚಲ ಒಲೆ ಹತ್ತಿರ ಒಣಗಿಸಿದೆ, ಎರಡು ತಿಂಗಳು ಹೊಗೆ ವಾಸನೆಯಲ್ಲಿ ಮಲಗಿದೆ. ಕಂಪನಿಗೆ ಫೋನ್ ಮಾಡಿದರೆ ತೇವಕ್ಕೆ ವಾರಂಟಿ ಇಲ್ಲವಂತೆ. ಚಳಿಗಾಲದಲ್ಲಿ ರಾತ್ರಿ ಮುಟ್ಟಿದರೆ ಮರದ ತುಂಡು, ತಲೆಯ ಬಿಸಿ ತಾಗಿದ ಮೇಲೆ ಮೆತ್ತಗಾಗುತ್ತದೆ. ಈ ವರ್ಷ ತಗ್ಗಿನ ಅಂಚು ಪೂರ್ತಿ ಕುಸಿದಿದೆ.

ದಿಂಬು ಅಂತ ನೋಡಿದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ನರಕ್ಕೆ ಮದ್ದು ಅಂತ ಕೇಳಿದರೆ ಸೊನ್ನೆ. ಮತ್ತೆ ಅದನ್ನೇ ತರಿಸುತ್ತೇನೆ, ಆದರೆ ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ.